ಪರರ ಮಾತಿನ ನಡುವೆ ನಮ್ಮ ಮಾತು: ಪ್ರಬಂಧಕ್ಕೆ ಸಿದ್ಧ ವಾಕ್ಯಮಾದರಿಗಳನ್ನು ಬಳಸಬಹುದೇ?

ಪ್ರಶ್ನೆ ಕೇಳಿದವರು: ಕಾನಂಚು (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸ ವಿಷಯದಲ್ಲಿ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಊರು ಸಾಗರ ತಾಲ್ಲೂಕು. ಸದ್ಯ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದೇನೆ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ 1951ರ ಕಾಗೋಡು ಸತ್ಯಾಗ್ರಹವನ್ನು, ಅಂದರೆ ನಮ್ಮ ತಾಲ್ಲೂಕಿನ ಗೇಣಿದಾರರು ಜಮೀನುದಾರರ ವಿರುದ್ಧ ನಡೆಸಿದ ಹೋರಾಟವನ್ನು, ಆರಿಸಿಕೊಂಡಿದ್ದೇನೆ. ಅಜ್ಜನ ಕಾಲದವರೆಗೆ ನಮ್ಮ ಮನೆಯವರೂ ಗೇಣಿ ಅಳೆದವರೇ ಆದ್ದರಿಂದ ಗೇಣಿಯ ಭತ್ತ ಅಳೆಯುವ ಕೊಳಗದ ಕಥೆಯನ್ನು ಕೇಳುತ್ತಲೇ ಬೆಳೆದವಳು ನಾನು. ಬರೆಯುವುದು ಸುಲಭವೆಂದುಕೊಂಡಿದ್ದೆ.

ಮೊದಲ ಕರಡು 22 ಪುಟಗಳಾದವು. ಮಾರ್ಗದರ್ಶಕರು ಅದನ್ನು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಹಿಂದಿರುಗಿಸಿದರು: 'ಇಲ್ಲಿ ಎಲ್ಲರೂ ಮಾತನಾಡಿದ್ದಾರೆ, ನೀನು ಎಲ್ಲಿದ್ದೀಯಮ್ಮ?' ತಿರುವಿ ನೋಡಿದರೆ ಅವರು ಹೇಳಿದ್ದು ನಿಜವೇ. ಎರಡು ಪುಟ ಒಂದು ಪುಸ್ತಕದ ಸಾರಾಂಶ, ಮುಂದಿನ ಮೂರು ಪುಟ ಇನ್ನೊಂದರ ಸಾರಾಂಶ, ನಡುವೆ ದಾಟಲು 'ಎಂದು ಹೇಳಲಾಗಿದೆ', 'ಎನ್ನಲಾಗುತ್ತದೆ' ಎಂಬ ಕಾಲುಸಂಕಗಳು. ನನ್ನದೆಂದು ಹೇಳಬಹುದಾದ ವಾಕ್ಯ ಪೀಠಿಕೆಯಲ್ಲೊಂದು, ಉಪಸಂಹಾರದಲ್ಲೊಂದು.

ಅವರೇ ಎರಡು ಪುಟಗಳ ಜೆರಾಕ್ಸ್ ಒಂದನ್ನು ಕೊಟ್ಟರು. ಅದರಲ್ಲಿರುವುದು ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ತಂದ, ಬಿಟ್ಟ ಸ್ಥಳ ತುಂಬಿಸಬೇಕಾದ ವಾಕ್ಯಗಳು. '…… ಅವರು …… ಎಂದು ವಾದಿಸುತ್ತಾರೆ, ಆದರೆ ಅವರು …… ಅನ್ನು ಗಮನಿಸುವುದಿಲ್ಲ'. '…… ಎಂಬುದನ್ನು ನಾನು ಒಪ್ಪಿದರೂ ……'. ಹೀಗೆ ಸುಮಾರು ಮೂವತ್ತು. 'ಒಂದು ಕೈಯಲ್ಲಿ ……, ಮತ್ತೊಂದು ಕೈಯಲ್ಲಿ ……' ಎಂಬ ಪದಶಃ ಅನುವಾದವೂ ಇದೆ. ಅದನ್ನು ನೋಡಿ ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕರು. ಆ ಮಾದರಿಗಳನ್ನು ಹಿಡಿದು ಹೊಸದಾಗಿ ಬರೆದ ಒಂದು ಭಾಗವನ್ನು ಕೆಳಗೆ ಕೊಟ್ಟಿದ್ದೇನೆ. ಪುಸ್ತಕಗಳ ಹೆಸರು ಇಲ್ಲಿ ಬೇಡವೆಂದು ಮೊದಲನೆಯ ಲೇಖಕರು, ಎರಡನೆಯ ಲೇಖಕರು ಎಂದಷ್ಟೇ ಹೇಳುತ್ತೇನೆ.

'ಮೊದಲನೆಯ ಲೇಖಕರು ಕಾಗೋಡು ಸತ್ಯಾಗ್ರಹವು ಸಮಾಜವಾದಿ ಪಕ್ಷದ ನಾಯಕತ್ವದಿಂದ ರೂಪುಗೊಂಡಿತು ಎಂದು ವಾದಿಸುತ್ತಾರೆ. ಆದರೆ ಎರಡನೆಯ ಲೇಖಕರು ಗೇಣಿದಾರರ ಸ್ವಂತ ಸಂಘಟನೆಯೇ ಮುಖ್ಯವೆಂದು ವಾದಿಸುತ್ತಾರೆ. ಮೊದಲನೆಯ ಲೇಖಕರ ಅಭಿಪ್ರಾಯವನ್ನು ನಾನು ಒಪ್ಪಿದರೂ ಎರಡನೆಯ ಲೇಖಕರ ಅಭಿಪ್ರಾಯವೂ ಮಹತ್ವದ್ದೆಂದು ವಾದಿಸುತ್ತೇನೆ. ಆದ್ದರಿಂದ ಎರಡೂ ಅಭಿಪ್ರಾಯಗಳು ಮುಖ್ಯವಾಗಿವೆ ಎಂದು ಹೇಳಬಹುದು.'

ಓದಿದರೆ ನನಗೇ ಜೀವವಿಲ್ಲದಂತೆ ಕಾಣುತ್ತದೆ. ನನ್ನ ಸಂದೇಹಗಳು ಮೂರು. ಬೇರೆಯವರು ಕಟ್ಟಿಕೊಟ್ಟ ವಾಕ್ಯವನ್ನು ತುಂಬಿಸುವುದು ಕೃತಿಚೌರ್ಯವಾಗುತ್ತದೆ ಎಂದು ಗೆಳತಿಯೊಬ್ಬಳು ಹೆದರಿಸಿದ್ದಾಳೆ; ಇದು ನಿಜವೇ? ಇಂಥ ಮಾದರಿಗಳು ಕನ್ನಡಕ್ಕೆ ಒಗ್ಗುತ್ತವೆಯೇ, ಅಥವಾ ಕನ್ನಡಕ್ಕೆ ಬೇರೆಯೇ ಮಾದರಿಗಳು ಬೇಕೇ? ಕೊನೆಯದಾಗಿ, ಮೊದಲನೆಯ ಲೇಖಕರು ನನ್ನ ಮೇಷ್ಟರಿಗೇ ಮೇಷ್ಟರಾಗಿದ್ದವರು. ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ ಎಂದು ಯಾವ ಬಾಯಿಂದ ಬರೆಯಲಿ?

ಉತ್ತರ 1: ಮದ್ದಲೆಮನೆ (ಸಾಗರ)

ನಮಸ್ಕಾರ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಮಳೆಗಾಲದಲ್ಲಿ ಯಕ್ಷಗಾನದ ತಾಳಮದ್ದಲೆಗಳಲ್ಲಿ ಅರ್ಥ ಹೇಳುವ ಚಟವೂ ಇರುವುದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮಾದರಿಯನ್ನು ಹಿಡಿದು ಪರರ ಮಾತಿಗೆ ಉತ್ತರಿಸುವುದು ಇಂಗ್ಲಿಷಿನವರಿಂದ ಬಂದ ವಿದ್ಯೆಯೆಂದು ನೀವು ತಿಳಿದಂತಿದೆ. ನಮ್ಮ ಶಾಸ್ತ್ರಗ್ರಂಥಗಳು ನಡೆದು ಬಂದದ್ದೇ ಇದರ ಮೇಲೆ. ಮೀಮಾಂಸೆಯಲ್ಲೂ ವೇದಾಂತದಲ್ಲೂ ಒಂದು ಅಧಿಕರಣವೆಂದರೆ, ಅಂದರೆ ಒಂದು ಪ್ರಶ್ನೆಯ ಚರ್ಚೆಯೆಂದರೆ, ವಿಷಯ, ಸಂಶಯ, ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ನಮ್ಮ ತೀರ್ಮಾನ), ಸಂಗತಿ ಎಂಬ ಐದು ಅಂಗಗಳ ಚೌಕಟ್ಟು. 'ನನು' ಎಂದು ಶುರುವಾದರೆ ಎದುರಾಳಿಯ ಆಕ್ಷೇಪ ಬರುತ್ತಿದೆ ಎಂದು ಓದುಗನಿಗೆ ಗೊತ್ತು. 'ಇತಿ ಚೇನ್ನ', ಅಂದರೆ 'ಹೀಗೆಂದರೆ, ಅಲ್ಲ' ಎಂದು ಬಂದರೆ ಉತ್ತರ ಶುರುವಾಯಿತೆಂದು ಗೊತ್ತು. ಸಾವಿರಾರು ವರ್ಷ ಇದೇ ನಾಲ್ಕಾರು ಮಾತುಗಳನ್ನು ಬಳಸಿದರೂ ಯಾರೂ ಯಾರನ್ನೂ ಕಳ್ಳರೆನ್ನಲಿಲ್ಲ, ಒಬ್ಬರ ಭಾಷ್ಯ ಇನ್ನೊಬ್ಬರದರಂತೆ ಆಗಲೂ ಇಲ್ಲ. ಆ ಚೌಕಟ್ಟಿನಲ್ಲಿ ನಿಮಗೆ ಬೇಕಾದ ಒಂದು ಕಟ್ಟುಪಾಡಿದೆ. ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಬಲವಾಗಿ ಹೇಳದೆ ಸಿದ್ಧಾಂತಕ್ಕೆ ಕಾಲಿಡುವಂತಿಲ್ಲ. ಪೂರ್ವಪಕ್ಷವನ್ನು ಸೊರಗಿಸಿ ಗೆದ್ದರೆ ಅದನ್ನು ಗೆಲುವೆಂದು ಯಾರೂ ಎಣಿಸುವುದಿಲ್ಲ.

ತಾಳಮದ್ದಲೆಯಲ್ಲೂ ಹೀಗೆಯೇ. ಭಾಗವತರು ಹಾಡುವ ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಮಾತು. ಎದುರು ಕುಳಿತ ಅರ್ಥಧಾರಿ ಏನು ಹೇಳಿದನೆಂದು ಎತ್ತಿಕೊಳ್ಳದೆ, ಮನೆಯಲ್ಲಿ ಕಂಠಪಾಠ ಮಾಡಿ ಬಂದದ್ದನ್ನು ಒಪ್ಪಿಸಿದವನನ್ನು ನಮ್ಮ ಕಡೆಯ ಪ್ರೇಕ್ಷಕರು ಹೇಗೆ ನೋಡುತ್ತಾರೆಂದು ನಿಮಗೂ ಗೊತ್ತಿರಬಹುದು. ನಿಮ್ಮ ಕೈಗೆ ಬಂದ ಮಾದರಿ ಪದ್ಯವಿದ್ದಂತೆ. ಅರ್ಥವನ್ನು ನೀವೇ ಹೇಳಬೇಕು. ನಿಮ್ಮ ಕರಡಿನ ಭಾಗದಲ್ಲಿ ಪದ್ಯವಷ್ಟೇ ಇದೆ.

ಈಗ ಕನ್ನಡದ ಮಾತಿಗೆ ಬರೋಣ. ನಿಮಗೆ ಕೊಟ್ಟ ಮಾದರಿಗಳ ತೊಡಕು ಎಲ್ಲಿದೆ ಎಂದರೆ, ಇಂಗ್ಲಿಷಿನಲ್ಲಿ ಹೇಳಿದವರ ಹೆಸರೂ 'ವಾದಿಸುತ್ತಾರೆ' ಎಂಬ ಕ್ರಿಯಾಪದವೂ ಮೊದಲೇ ಬಂದುಬಿಡುತ್ತವೆ, ಅವರ ವಾದ ಹಿಂದಿನಿಂದ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಹೆಸರನ್ನು ಮೊದಲಿಟ್ಟು, ಇಪ್ಪತ್ತು ಪದಗಳ ವಾದವನ್ನು ನಡುವೆ ತುರುಕಿ, ಕೊನೆಯಲ್ಲಿ 'ಎಂದು ವಾದಿಸುತ್ತಾರೆ' ಎಂದು ಮುಚ್ಚಿದರೆ ಓದುಗನು ಅಷ್ಟರಲ್ಲಿ ಹೆಸರನ್ನು ಮರೆತಿರುತ್ತಾನೆ. ಹೆಸರನ್ನೂ ಕೊನೆಗೆ ಹಾಕಿದರೆ ಅದಕ್ಕಿಂತ ಕೆಟ್ಟದು: ವಾಕ್ಯ ಮುಗಿಯುವವರೆಗೂ ಅದು ನಿಮ್ಮ ಮಾತೆಂದೇ ಅವನು ನಂಬಿಕೊಂಡು ಬಂದಿರುತ್ತಾನೆ. ಆದ್ದರಿಂದ ಉದ್ದನೆಯ ವಾದವನ್ನು ತರುವಾಗ ವಾಕ್ಯವನ್ನು ಒಡೆಯಿರಿ. 'ಎರಡನೆಯ ಲೇಖಕರು ಹೇಳುವುದಿಷ್ಟು:' ಎಂದೋ, 'ಈ ಬಗ್ಗೆ ಅವರ ವಾದ ಬೇರೆ.' ಎಂದೋ ಮೊದಲು ಒಂದು ಚಿಕ್ಕ ವಾಕ್ಯದಲ್ಲಿ ಮಾತಿನ ಒಡೆತನವನ್ನು ಗೊತ್ತುಮಾಡಿ, ಆಮೇಲೆ ವಾದವನ್ನು ಬಿಡಿಯಾಗಿ ಹೇಳಿ. ವಾದ ಎರಡು ಮೂರು ವಾಕ್ಯಗಳಿಗೆ ಹರಿದರೆ ನಡುವೆ ಒಮ್ಮೆ 'ಅವರ ದೃಷ್ಟಿಯಲ್ಲಿ' ಎಂದು ನೆನಪಿಸಿ, ನಿಮ್ಮ ಮಾತು ಶುರುವಾಗುವ ಕಡೆ 'ಇಲ್ಲಿ ಒಂದು ಪ್ರಶ್ನೆ ಏಳುತ್ತದೆ' ಎಂದು ಬೇಲಿ ಹಾಕಿ. ಯಾರ ತೋಟ ಎಲ್ಲಿ ಮುಗಿಯಿತೆಂದು ಗೊತ್ತಾಗದಿದ್ದರೆ ಮಲೆನಾಡಿನಲ್ಲಿ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಇನ್ನು ಕ್ರಿಯಾಪದಗಳು. ನಿಮ್ಮ ನಾಲ್ಕು ವಾಕ್ಯಗಳಲ್ಲಿ ಮೂರು ಸಲ 'ವಾದಿಸು' ಬಂದಿದೆ. ಇದನ್ನು ಪುನರುಕ್ತಿ ಎಂದು ನಾನು ದೂರುತ್ತಿಲ್ಲ. ಮೂರು ಕಡೆಯೂ ನಿಮ್ಮ ನಿಲುವೇನೆಂದು ಆ ಪದ ಹೇಳುವುದಿಲ್ಲ ಎಂಬುದು ನನ್ನ ದೂರು. 'ಗೇಣಿದಾರರು ಮೊದಲೇ ಸಂಘಟಿತರಾಗಿದ್ದರು ಎಂಬುದನ್ನು ತೋರಿಸಿಕೊಟ್ಟಿದ್ದಾರೆ' ಎಂದು ಬರೆದರೆ ನೀವು ಆ ಸಂಗತಿಯನ್ನು ಒಪ್ಪಿ ಸಹಿ ಹಾಕಿದಂತೆ. 'ಎಂದು ಪ್ರತಿಪಾದಿಸಿದ್ದಾರೆ' ಎಂದರೆ ಅದು ಅವರ ನಿಲುವು, ನಿಮ್ಮ ತೀರ್ಪು ಇನ್ನೂ ಬರಬೇಕಿದೆ. 'ಎಂದು ಭಾವಿಸಿದ್ದಾರೆ' ಎಂದರೆ ನೀವು ಒಂದು ಹೆಜ್ಜೆ ಹಿಂದೆ ಸರಿದಿದ್ದೀರಿ, ಮುಂದೆ ಆಕ್ಷೇಪವಿದೆ ಎಂದು ಓದುಗ ಕಾಯುತ್ತಾನೆ. 'ಒಪ್ಪಿಕೊಳ್ಳುತ್ತಾರೆ' ಎಂದರೆ ತಮ್ಮ ವಾದಕ್ಕೆ ತೊಡಕಾಗುವ ಸಂಗತಿಯನ್ನು ಅವರೇ ಮುಂದಿಟ್ಟರೆಂದು ಅರ್ಥ. ಅವರಿಗೆ ತೊಡಕೇ ಅಲ್ಲದ ಮಾತಿಗೆ ಅದನ್ನು ಬಳಸಬಾರದು. 'ಎಂದು' ಮತ್ತು 'ಎಂಬುದನ್ನು' ಇವೆರಡರ ನಡುವಿನ ಸಣ್ಣ ಅಂತರದಲ್ಲೇ ನೀವು ಎಲ್ಲಿದ್ದೀರಿ ಎಂಬುದು ಅರ್ಧ ಗೊತ್ತಾಗುತ್ತದೆ. ಮೂವತ್ತು ಮಾದರಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇಂಥ ಹತ್ತು ಕ್ರಿಯಾಪದಗಳ ತೂಕವನ್ನು ತಿಳಿದುಕೊಳ್ಳುವುದು ಮೇಲು.

'ಎನ್ನಲಾಗುತ್ತದೆ' ಎಂಬುದನ್ನು ಮಾತ್ರ ಕರಡಿನಿಂದ ಪೂರ್ತಿ ಕಿತ್ತುಹಾಕಿ. ಯಾರು ಅಂದದ್ದು? ನಮ್ಮೂರ ಹಿರಿಯರು ಹಳೆಯ ಸಂಗತಿ ಹೇಳುವಾಗ 'ನಾ ಕಂಡದ್ದಲ್ಲ, ಅಪ್ಪಯ್ಯ ಹೇಳ್ತಿದ್ರು' ಎಂದು ಮೊದಲೇ ಹೇಳಿಬಿಡುತ್ತಾರೆ. ಕೇಳಿದ ಮಾತಾದರೆ ವಾಕ್ಯದ ಬಾಲಕ್ಕೆ ಒಂದು 'ಅಂತೆ' ಅಂಟಿರುತ್ತದೆ. ಓದು ಬರಹ ಕಲಿತ ಮೇಲೆ ನಾವು ಆ ಶಿಸ್ತನ್ನು ಕಳೆದುಕೊಂಡು ಕರ್ಮಣಿ ಪ್ರಯೋಗದ ಹಿಂದೆ ಅವಿತುಕೊಳ್ಳುತ್ತೇವೆ.

ನಿಮ್ಮ ಭಾಗದ ಕೊನೆಯ ವಾಕ್ಯದ ಬಗ್ಗೆ ಒಂದು ಮಾತು. 'ಎರಡೂ ಮುಖ್ಯ' ಎನ್ನುವುದು ಜಗಳ ಬಿಡಿಸಲು ಬಂದ ನೆಂಟರ ಮಾತು. ಯಾವುದಕ್ಕೆ ಯಾವುದು ಮುಖ್ಯ, ಎಷ್ಟರ ಮಟ್ಟಿಗೆ, ಯಾವ ಆಧಾರದಿಂದ ಎಂದು ಹೇಳದಿದ್ದರೆ ನಿಮ್ಮ ಮಾರ್ಗದರ್ಶಕರ ಪೆನ್ಸಿಲಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉತ್ತರ 2: ಭದ್ರೆಯ ಎಡದಂಡೆ (ಶಂಕರಘಟ್ಟ)

ಕೃತಿಚೌರ್ಯದ ಸಂದೇಹಕ್ಕೆ ಮಾತ್ರ ಉತ್ತರಿಸುತ್ತೇನೆ. ಸಂಶೋಧನಾ ವಿದ್ಯಾರ್ಥಿಯಾಗಿ ಆ ತಪಾಸಣೆಯನ್ನು ಎರಡು ಸಲ ದಾಟಿದವನು ನಾನು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಗೊತ್ತುಪಡಿಸಿದ ಅವಧಿಯೊಳಗೆ, ಹೆಚ್ಚೆಂದರೆ 6 ತಿಂಗಳಲ್ಲಿ, ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನಿಮಗೆ ಸಮಾಧಾನ ಕೊಡುವ ಅಂಶವೂ ಅದರಲ್ಲೇ ಇದೆ. ಮೂಲವನ್ನು ಸೂಚಿಸಿ ಉದ್ಧರಿಸಿದ ಮಾತುಗಳು, ಗ್ರಂಥಸೂಚಿ, ಸಾಮಾನ್ಯ ಪದಗಳು, ಕಾನೂನಿನ ಪಾಠ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಎಲ್ಲರಿಗೂ ತಿಳಿದ ಅಥವಾ ಆಕಸ್ಮಿಕವಾಗಿ ಹೊಂದುವ ಮಾತು ಸತತ 14 ಪದಗಳವರೆಗೆ ಇದ್ದರೂ ಅದನ್ನು ಬಿಡಬೇಕು. '…… ಎಂಬುದನ್ನು ಒಪ್ಪಬಹುದಾದರೂ' ಎನ್ನುವ ಚೌಕಟ್ಟು ಯಾರ ಸ್ವತ್ತೂ ಅಲ್ಲ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ 14 ಪದಗಳೆಂದರೆ ಒಂದು ದೊಡ್ಡ ವಾಕ್ಯವೇ ಆಯಿತು. ಖಾಲಿ ಚೌಕಟ್ಟು ಅಷ್ಟು ಉದ್ದ ಬೆಳೆಯುವುದಿಲ್ಲ.

ಗೆಳತಿ ಹೆದರಿಸಬೇಕಾಗಿದ್ದು ಬೇರೆ ವಿಷಯಕ್ಕೆ. ನಾನೇ ಕಟ್ಟಿದ ಉದಾಹರಣೆ ನೋಡಿ. ಪುಸ್ತಕದಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ: 'ಗೇಣಿದಾರರ ಅಸಮಾಧಾನಕ್ಕೆ ಕೊಳಗದ ಅಳತೆ ನೆಪವಾಯಿತಷ್ಟೇ, ಒಳಗಿನ ಬೇಗುದಿ ಬಹುಕಾಲದ್ದು.' ವಿದ್ಯಾರ್ಥಿ ಬರೆಯುತ್ತಾನೆ: 'ಗೇಣಿದಾರರ ಅತೃಪ್ತಿಗೆ ಕೊಳಗದ ಅಳತೆ ಕಾರಣವಾಯಿತಷ್ಟೇ, ಒಳಗಿನ ಸಂಕಟ ಬಹುದಿನಗಳದ್ದು.' ತಂತ್ರಾಂಶ ಇದನ್ನು ಹಿಡಿಯದೇ ಹೋಗಬಹುದು, ಆದರೆ ಕಳವು ಇದೇ. ವಾಕ್ಯದ ಎಲುಬು ಪೂರ್ತಿ ಇನ್ನೊಬ್ಬರದು, ಮೇಲಿನ ಬಟ್ಟೆಯಷ್ಟೇ ಬದಲು. ಅದೂ ಅಲ್ಲದೆ 'ನೆಪ' ಹೋಗಿ 'ಕಾರಣ' ಬಂದಾಗ ಲೇಖಕರ ವಾದವೇ ತಲೆಕೆಳಗಾಯಿತು, ಬರೆದವನಿಗೆ ಅದು ಗೊತ್ತೂ ಆಗಲಿಲ್ಲ. ಪುಸ್ತಕವನ್ನು ಮುಚ್ಚಿಟ್ಟು, ಓದಿದ್ದನ್ನು ತಂಗಿಗೋ ತಮ್ಮನಿಗೋ ಬಾಯಲ್ಲಿ ಹೇಳಿ, ಆಮೇಲೆ ಬರೆದರೆ ಈ ರೋಗ ಬಾರದು. ಪುಟಸಂಖ್ಯೆಯನ್ನು ಮಾತ್ರ ಮುಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ.

ಉತ್ತರ 3: ಹೊಸನಗರದ ಮೇಷ್ಟ್ರು

ಮದ್ದಲೆಮನೆಯವರ ವಿವರಣೆ ಸೊಗಸಾಗಿದೆ. ಆದರೂ ಇತಿಹಾಸ ಕಲಿಸುವವನಾಗಿ ನನ್ನ ಭಿನ್ನಮತವನ್ನು ದಾಖಲಿಸದೆ ಇರಲಾರೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈಚೆಗೆ ನಾನು ಕಾಣುತ್ತಿರುವುದು ಅಚ್ಚುಬೆಲ್ಲ. ಯಾವ ಕಬ್ಬಿನದಾದರೂ ಅದೇ ಗಾತ್ರ, ಅದೇ ಆಕಾರ. ನಮ್ಮ ಕಡೆಯ ಜೋನಿಬೆಲ್ಲ ಅಚ್ಚಿಗೆ ಕೂರುವುದಿಲ್ಲ, ಅದಕ್ಕೆ ಪಾತ್ರೆಯೇ ಬೇಕು. ಮೂವತ್ತು ಮಾದರಿಗಳ ಹಾಳೆ ಕೈಗೆ ಬಂದೊಡನೆ ವಿದ್ಯಾರ್ಥಿ ಪುಸ್ತಕವನ್ನು ಓದುವುದನ್ನು ಬಿಟ್ಟು ಖಾಲಿ ಜಾಗಕ್ಕೆ ಹೊಂದುವ ಒಂದು ವಾಕ್ಯವನ್ನು ಅದರಲ್ಲಿ ಹುಡುಕಲು ತೊಡಗುತ್ತಾನೆ. ಪೂರ್ವಪಕ್ಷ ಮಾಡಿದ ಪಂಡಿತರು ಎದುರಾಳಿಯ ಗ್ರಂಥವನ್ನು ಪೂರ್ತಿ ಅರಗಿಸಿಕೊಂಡವರು. ನಮ್ಮ ಮಕ್ಕಳು ಮುನ್ನುಡಿ ಮತ್ತು ಕೊನೆಯ ಅಧ್ಯಾಯ ಓದಿದವರು.

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದದ್ದು. ಈ ಮಾದರಿಗಳೆಲ್ಲ ವಿದ್ವಾಂಸರೊಡನೆ ವಾದ ಮಾಡಲು ಹುಟ್ಟಿದವು. ಇತಿಹಾಸದಲ್ಲಿ ನಮ್ಮ ಎದುರು ಕೂರುವ ಆಕರ ಶಾಸನವಿರಬಹುದು, ಕಡತವಿರಬಹುದು, ಮುದುಕರ ನೆನಪಿರಬಹುದು, ಅವು 'ವಾದಿಸುವುದಿಲ್ಲ'. ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ, ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರುವಿನೊಡನೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋದದ್ದನ್ನೂ ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ಅವನು ಕತ್ತಿ ಹಿಡಿದದ್ದನ್ನೂ ಹೇಳುತ್ತದೆ. ಬರೆದವನು ಕುಬ್ಜನೆಂಬ ಕವಿ. ಬರೆಸಿದ್ದು ಅದೇ ಕದಂಬ ವಂಶದ ಶಾಂತಿವರ್ಮನ ಕಾಲದಲ್ಲಿ, ಅಂದರೆ ಘಟನೆಯಾಗಿ ಸುಮಾರು ಒಂದು ಶತಮಾನ ಕಳೆದ ಮೇಲೆ. ವಿದ್ಯಾರ್ಥಿಗಳು 'ಮಯೂರಶರ್ಮನು ಅವಮಾನದಿಂದ ಕೆರಳಿ ರಾಜ್ಯ ಕಟ್ಟಿದನು' ಎಂದು ನೇರವಾಗಿ ಬರೆದುಬಿಡುತ್ತಾರೆ. ಮಾದರಿ ಹಿಡಿದವನು 'ಶಾಸನದ ಪ್ರಕಾರ' ಎಂದು ಎರಡು ಪದ ಸೇರಿಸಿ ಕೈತೊಳೆದುಕೊಳ್ಳುತ್ತಾನೆ. ತನ್ನ ಮೂಲಪುರುಷನ ಬಗ್ಗೆ ರಾಜನೊಬ್ಬ ಬರೆಸಿದ ಕಾವ್ಯದಲ್ಲಿ ಈ ಕಥೆ ಏಕೆ ಬೇಕಾಗಿತ್ತು, ವೇದ ಓದಲು ಹೋದವನು ಕತ್ತಿ ಹಿಡಿದದ್ದಕ್ಕೆ ಸಮರ್ಥನೆ ಕೊಡುವುದು ಆ ವಂಶಕ್ಕೆ ಏಕೆ ಅಗತ್ಯವಾಯಿತು ಎಂದು ಕೇಳಿದವನೇ ಆಕರದೊಡನೆ ಮಾತನಾಡಿದವನು. ಆ ಪ್ರಶ್ನೆಗೆ ಯಾವ ಜೆರಾಕ್ಸ್ ಹಾಳೆಯಲ್ಲೂ ಖಾಲಿ ಜಾಗವಿಲ್ಲ.

ಕಾನಂಚು ಅವರೇ, ನೀವು ಕೊಳಗದ ಕಥೆಯನ್ನು ಕೇಳುತ್ತ ಬೆಳೆದೆ ಎಂದಿರಿ. ಆ ಸಾಕ್ಷ್ಯ ನಿಮ್ಮ 22 ಪುಟಗಳಲ್ಲಿ ಎಲ್ಲಿದೆ? ಇಬ್ಬರು ಲೇಖಕರ ನಡುವೆ ನ್ಯಾಯ ಹೇಳುವ ಮೊದಲು, ಅವರಿಬ್ಬರಿಗೂ ಸಿಗದೇ ಇದ್ದದ್ದು ನಿಮ್ಮ ಮನೆಯ ಜಗಲಿಯಲ್ಲೇ ಇದೆಯೇ ಎಂದು ನೋಡಿ.

ಉತ್ತರ 4: ಮದ್ದಲೆಮನೆ (ಸಾಗರ)

ಮೇಷ್ಟ್ರ ಎರಡನೆಯ ಆಕ್ಷೇಪಕ್ಕೆ ತಲೆಬಾಗುತ್ತೇನೆ, ಮೊದಲನೆಯದಕ್ಕೆ ಇಲ್ಲ. ಓದದೆ ಬರೆಯುವವನು ಮಾದರಿ ಇಲ್ಲದಿದ್ದರೂ ಓದದೆಯೇ ಬರೆಯುತ್ತಾನೆ. ಮನೆಯಲ್ಲಿ ನಾಲ್ಕು ಪುಸ್ತಕವಿದ್ದು, ಊಟದ ಹೊತ್ತಿಗೆ ವಾದ ವಿವಾದ ಕೇಳುತ್ತ ಬೆಳೆದ ಹುಡುಗನಿಗೆ 'ಒಪ್ಪಬಹುದಾದರೂ' ಎಂಬ ಮಾತು ತಾನಾಗಿ ಬರುತ್ತದೆ. ಮನೆತನದಲ್ಲಿ ಮೊದಲ ಬಾರಿಗೆ ಎಂ.ಎ. ತರಗತಿಯ ಬಾಗಿಲು ಕಂಡವಳಿಗೆ ಆ ಮಾತನ್ನು ಯಾರಾದರೂ ಕೈಗೆ ಕೊಡಬೇಕಾಗುತ್ತದೆ. ಈಜು ಬಂದ ಮೇಲೆ ಬೆಂಡನ್ನು ಅವಳೇ ಬಿಚ್ಚಿ ಎಸೆಯಲಿ.

ಉತ್ತರ 5: ತುಂಗಾತೀರ (ತೀರ್ಥಹಳ್ಳಿ)

ಹಿರಿಯರನ್ನು ಅಲ್ಲಗಳೆಯುವ ಪ್ರಶ್ನೆಯನ್ನು ಯಾರೂ ಎತ್ತಿಕೊಳ್ಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ನನ್ನ ಗುರುಗಳ ಒಂದು ನಿಲುವನ್ನೇ ವಿರೋಧಿಸಬೇಕಾಗಿ ಬಂದಾಗ ಎರಡು ತಿಂಗಳು ಆ ಅಧ್ಯಾಯವನ್ನು ಮುಟ್ಟದೆ ಕುಳಿತವಳು ನಾನು.

ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಅಡಕವಾಗಿದೆ. 'ಹೇಳಿದ್ದಾರೆ' ಎಂಬ ಬಹುವಚನ ಸಾಕು. 'ಪೂಜ್ಯ ವಿದ್ವಾಂಸರು ತಮ್ಮ ಅಮೂಲ್ಯ ಗ್ರಂಥದಲ್ಲಿ ಅಪ್ಪಣೆ ಕೊಡಿಸಿರುವಂತೆ' ಎಂದು ಶುರುಮಾಡಿದರೆ ಮುಂದಿನ ವಾಕ್ಯದಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗವೇ ಉಳಿಯುವುದಿಲ್ಲ. ನಿಮ್ಮ ಹಾಳೆಯಲ್ಲಿರುವ 'ಅವರು ಗಮನಿಸುವುದಿಲ್ಲ' ಎಂಬ ಮಾದರಿ ಇಂಗ್ಲಿಷಿನಲ್ಲಿ ಹೇಗೆ ಕೇಳಿಸುತ್ತದೋ, ಕನ್ನಡದಲ್ಲಂತೂ ಎದೆಗೆ ಬೆರಳಿಟ್ಟಂತಿದೆ. ವ್ಯಕ್ತಿಯನ್ನು ಕರ್ತೃಸ್ಥಾನದಿಂದ ಇಳಿಸಿ, ಮಾತನ್ನು ಅಲ್ಲಿ ಕೂರಿಸಿ. 'ಅವರು ಗಮನಿಸಿಲ್ಲ' ಎಂಬುದಕ್ಕೆ ಬದಲಾಗಿ 'ಈ ವಿವರಣೆಗೆ ಇಂತಹ ಸಂಗತಿ ಒಳಪಡುವುದಿಲ್ಲ'. 'ಅವರು ತಪ್ಪು' ಎಂಬುದಕ್ಕೆ ಬದಲಾಗಿ 'ಈ ಮಾತು 1951ರ ಘಟನೆಗಳಿಗೆ ಸಲ್ಲುತ್ತದೆ, ಅದಕ್ಕೆ ಹಿಂದಿನದಕ್ಕೆ ಸಲ್ಲುವುದಿಲ್ಲ'. ಎರಡನೆಯ ರೀತಿ ಹೆಚ್ಚು ವಿನಯದ್ದು ಮಾತ್ರವಲ್ಲ, ಹೆಚ್ಚು ಖಚಿತವೂ ಹೌದು. ಎಲ್ಲಿಯವರೆಗೆ ಒಪ್ಪುತ್ತೀರಿ, ಎಲ್ಲಿಂದ ಒಪ್ಪುವುದಿಲ್ಲ ಎಂಬ ಗಡಿಯನ್ನು ಗುರುತಿಸಲೇಬೇಕಾದ ಇಕ್ಕಟ್ಟಿಗೆ ಅದು ನಿಮ್ಮನ್ನು ತರುತ್ತದೆ.

ಹೊಸ ಆಕರ ದೊರೆತಾಗಲಂತೂ ಸಂಕೋಚಕ್ಕೆ ಕಾರಣವೇ ಇಲ್ಲ. ಮೇಷ್ಟ್ರು ತಾಳಗುಂದವನ್ನು ಎತ್ತಿದ್ದರಿಂದ ಅದನ್ನೇ ತೆಗೆದುಕೊಳ್ಳುತ್ತೇನೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು, ಸುಮಾರು ಕ್ರಿ.ಶ. 450ರದ್ದೆಂದು, ಕನ್ನಡದ ಮೊದಲ ಶಾಸನವಾಗಿ ನಾವೆಲ್ಲ ಓದಿಕೊಂಡು ಬಂದೆವು. 2013-14ರಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ದೊರೆತು, ಪುರಾತತ್ವ ಇಲಾಖೆ ಅದನ್ನು ಕ್ರಿ.ಶ. 370ರದ್ದೆಂದು ಗುರುತಿಸಿತು. ಹಾಗೆಂದು ಹಲ್ಮಿಡಿಯನ್ನು ಮೊದಲನೆಯದೆಂದು ಬರೆದ ಹಿರಿಯರನ್ನು ಯಾರೂ ಜರೆಯುವುದಿಲ್ಲ. 'ಅಂದು ದೊರೆತಿದ್ದ ಆಕರಗಳ ಮಟ್ಟಿಗೆ ಸರಿಯಾಗಿದ್ದ ಈ ನಿಲುವನ್ನು' ಎಂದು ಶುರುಮಾಡಿ ಮುಂದೆ ಹೋಗಬಹುದು. ಆದರೆ ಒಂದು ಎಚ್ಚರಿಕೆ: ಆಕರ ಅಂದೂ ದೊರೆಯುವಂತಿದ್ದು ಅವರು ನೋಡದೆ ಬಿಟ್ಟದ್ದಾದರೆ ಈ ವಾಕ್ಯ ಸುಳ್ಳಾಗುತ್ತದೆ. ವಿನಯಕ್ಕಾಗಿ ಸುಳ್ಳು ಬರೆಯಬೇಡಿ.

'ನಾನು' ಎಂದು ಬರೆಯಬಹುದೇ ಎಂಬ ಅಳುಕು ನಿಮ್ಮಲ್ಲೂ ಇರಬಹುದು. 'ಪ್ರಸ್ತುತ ಅಧ್ಯಯನಕಾರಳು' ಎಂದು ನಾನು ಬರೆದಿದ್ದೆ. ಈಗ ಓದಿದರೆ ನಗು ಬರುತ್ತದೆ. ತೀರ್ಮಾನ ನಿಮ್ಮದಾದ ಕಡೆ 'ನಾನು' ಎನ್ನಿ, ಉಳಿದ ಕಡೆ ಬೇಡ.

ಪ್ರತಿಕ್ರಿಯೆ: ಕಾನಂಚು (ಶಿವಮೊಗ್ಗ)

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ಹೊಸನಗರದ ಮೇಷ್ಟ್ರ ಮಾತು ಚುಚ್ಚಿದ್ದರಿಂದ ಊರಿಗೆ ಹೋಗಿ ನಮ್ಮ ಕೇರಿಯ ಮೂವರು ಹಿರಿಯರನ್ನು ಮಾತನಾಡಿಸಿದೆ. ಇಬ್ಬರು ಆಗ ಹತ್ತು ಹನ್ನೆರಡು ವರ್ಷದ ಮಕ್ಕಳು. ಮೂರನೆಯವರು ಆಮೇಲೆ ಹುಟ್ಟಿದವರು, ತಂದೆಯಿಂದ ಕೇಳಿದ್ದನ್ನು ಹೇಳಿದರು. ಹಾಳೆಯನ್ನು ಪಕ್ಕಕ್ಕಿಟ್ಟು, ಕ್ರಿಯಾಪದಗಳನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಬರೆದ ಹೊಸ ಭಾಗ ಹೀಗಿದೆ:

'ಕಾಗೋಡಿನ ಹೋರಾಟದತ್ತ ಹೊರಗಿನವರ ಗಮನ ಹರಿದದ್ದು ಸಮಾಜವಾದಿ ಪಕ್ಷ ಅದನ್ನು ಕೈಗೆತ್ತಿಕೊಂಡ ಮೇಲೆ ಎಂಬುದನ್ನು ಮೊದಲನೆಯ ಲೇಖಕರು ತೋರಿಸಿಕೊಟ್ಟಿದ್ದಾರೆ. 1951ರ ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದದ್ದು ಇದಕ್ಕೆ ಸಾಕ್ಷಿ. ಆದರೆ ಹೋರಾಟ ಸುದ್ದಿಯಾದ ಕಾಲವೂ ಅದು ಹುಟ್ಟಿದ ಕಾಲವೂ ಒಂದೇ ಆಗಿರಬೇಕಿಲ್ಲ. ಎರಡನೆಯ ಲೇಖಕರ ವಾದ ಹೊರಡುವುದು ಇಲ್ಲಿಂದ. ಗೇಣಿ ಅಳೆಯುವ ಕೊಳಗವನ್ನು ಪ್ರಶ್ನಿಸುವ ಧೈರ್ಯ ಗೇಣಿದಾರರಿಗೆ ಬಂದದ್ದು ತಮ್ಮದೇ ಸಂಘದಿಂದ, ಪಕ್ಷದ ಬೆಂಬಲ ಅದರ ಬೆನ್ನಿಗೆ ಬಂದದ್ದು ಎಂದು ಅವರು ಪ್ರತಿಪಾದಿಸುತ್ತಾರೆ. ನಾನು ಮಾತನಾಡಿಸಿದ ಮೂವರಲ್ಲಿ, ಬಾಲ್ಯದಲ್ಲಿ ಕಣ್ಣಾರೆ ಕಂಡ ಇಬ್ಬರೂ ಮೊದಲು ನೆನೆದದ್ದು ಕೊಳಗವನ್ನು. ತಂದೆಯಿಂದ ಕೇಳಿದವರು ಮೊದಲು ನೆನೆದದ್ದು ನಾಯಕರ ಹೆಸರುಗಳನ್ನು. ಮೂವರ ನೆನಪಿನಿಂದ ತೀರ್ಮಾನಕ್ಕೆ ಬರಲಾಗದಿದ್ದರೂ, ಪಕ್ಷದ ಪಾತ್ರ ಹಿರಿದಾಗಿ ಕಾಣಲು ನಂತರದ ಮರುಕಥನವೂ ಒಂದು ಕಾರಣವೇ ಎಂದು ಕೇಳಲು ಇದು ಎಡೆಮಾಡುತ್ತದೆ. ಮೊದಲನೆಯ ಲೇಖಕರ ವಿವರಣೆ ಹೋರಾಟ ಹಬ್ಬಿದ ಬಗೆಗೆ ಸಲ್ಲುತ್ತದೆ, ಹುಟ್ಟಿದ ಬಗೆಗೆ ಪೂರ್ತಿಯಾಗಿ ಸಲ್ಲುವುದಿಲ್ಲ ಎಂಬುದು ನನ್ನ ನಿಲುವು.'

ಉತ್ತರ 6: ಹೊಸನಗರದ ಮೇಷ್ಟ್ರು

ಕಂಡವರನ್ನೂ ಕೇಳಿದವರನ್ನೂ ಬೇರೆ ಮಾಡಿದ್ದು ಬಹಳ ಸರಿಯಾಗಿದೆ. ಆದರೆ ಹತ್ತು ವರ್ಷದ ಮಗುವಿಗೆ ಕೊಳಗ ಕಣ್ಣಿಗೆ ಕಾಣುವ ವಸ್ತು, ಪಕ್ಷವೆಂಬುದು ಕಾಣುವಂಥದ್ದಲ್ಲ. ಅವರು ಕೊಳಗವನ್ನು ಮೊದಲು ನೆನೆಯಲು ವಯಸ್ಸೇ ಕಾರಣವಿರಬಹುದು. ಈ ಆಕ್ಷೇಪವನ್ನು ನೀವೇ ಎತ್ತಿ ನೀವೇ ಉತ್ತರಿಸಿ; ಪರೀಕ್ಷಕರು ಎತ್ತುವವರೆಗೆ ಕಾಯಬೇಡಿ.

ಉತ್ತರ 7: ಮದ್ದಲೆಮನೆ (ಸಾಗರ)

ಮೇಷ್ಟ್ರ ಜೆರಾಕ್ಸ್ ವಿರೋಧ ಕೊನೆಗೂ 'ನನು' ಎಂಬಲ್ಲಿಗೇ ಬಂದು ನಿಂತಿತು ನೋಡಿ. ನನ್ನದು ಒಂದೇ ತಿದ್ದುಪಡಿ. ಲೋಹಿಯಾ ಅವರ ಬಂಧನಕ್ಕೆ 'ಇದಕ್ಕೆ ಸಾಕ್ಷಿ' ಎಂದಿದ್ದೀರಿ. ಅವರು ಬಂದು ಬಂಧಿತರಾದದ್ದು ಪಕ್ಷ ಹೋರಾಟದಲ್ಲಿ ತೊಡಗಿತ್ತೆಂಬುದಕ್ಕೆ ಸಾಕ್ಷಿ. ಹೊರಗಿನವರ ಗಮನ ಹರಿಯಿತೆಂಬುದಕ್ಕೆ ಅಂದಿನ ಪತ್ರಿಕೆಗಳನ್ನು ತೋರಿಸಬೇಕು.

ಪ್ರತಿಕ್ರಿಯೆ: ಕಾನಂಚು (ಶಿವಮೊಗ್ಗ)

ಆಗಲಿ ಸರ್. ಪತ್ರಿಕೆಗಳ ಹಳೆಯ ಸಂಪುಟಗಳು ಎಲ್ಲಿ ಸಿಗುತ್ತವೆಂದು ಮಾರ್ಗದರ್ಶಕರನ್ನು ಸೋಮವಾರ ಕೇಳುತ್ತೇನೆ. ಆ ಇಬ್ಬರು ಹಿರಿಯರಲ್ಲಿ ಒಬ್ಬರು 'ಬಿಳಿ ಟೋಪಿಯವರು ಬಂದದ್ದು ಆಮೇಲೆ' ಎಂದಿದ್ದರು. ಯಾವುದರ ಆಮೇಲೆ ಎಂದು ನಾನು ಕೇಳಿರಲಿಲ್ಲ. ಶನಿವಾರದ ಬಸ್ಸಿಗೆ ಊರಿಗೆ ಹೋಗಿ ಕೇಳಿಕೊಂಡು ಬರುತ್ತೇನೆ.